ಥೈರಾಯ್ಡ್ ರಿಪೋರ್ಟ್ ಓದುವುದು ಹೇಗೆ?

ಮಳವಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ ಕಳೆದ ವರ್ಷ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಥೈರಾಯ್ಡ್ ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಟಿಎಸ್‌ಎಚ್ 11 ಎಂದಿತ್ತು. 'ಥೈರಾಯ್ಡ್ ಜಾಸ್ತಿಯಾಗಿದೆ, ಇನ್ನು ಮಾತ್ರೆ ಏಕೆ' ಎಂದುಕೊಂಡರಂತೆ. ಎರಡು ತಿಂಗಳಲ್ಲಿ ಮುಖ ಊದಿಕೊಂಡಿತು, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಆ ಅಂಕಿಯ ಅರ್ಥವನ್ನು ಯಾರಾದರೂ ಒಮ್ಮೆ ಕೂತು ಹೇಳಿದ್ದರೆ ಅಷ್ಟು ಸಂಕಟ ಇರುತ್ತಿರಲಿಲ್ಲ.

ಮೊದಲು ತಿಳಿಯಬೇಕಾದದ್ದು: ಟಿಎಸ್‌ಎಚ್ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನ್ ಅಲ್ಲ. ಅದು ಮಿದುಳಿನ ಬುಡದಲ್ಲಿರುವ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯದ್ದು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಊರುಗಳನ್ನು ನೆನೆಯಿರಿ. ಗದ್ದೆ ಒಣಗಿದಾಗ 'ನೀರು ಬಿಡಿ' ಎಂಬ ಕೂಗು ಏರುತ್ತದೆ, ನೀರು ತಲುಪಿದರೆ ಅಡಗುತ್ತದೆ. ಟಿಎಸ್‌ಎಚ್ ಆ ಕೂಗು, ಥೈರಾಯ್ಡ್ ಸುರಿಸುವ ಟಿ4 ಎಂಬ ಹಾರ್ಮೋನ್ ನೀರು. ಚಿಕ್ಕಮ್ಮನ ಮಾತ್ರೆಯಲ್ಲಿರುವುದೂ ಇದೇ ಟಿ4. ಕೂಗು ಜೋರಾಗಿದೆ ಎಂದರೆ ಸಾಮಾನ್ಯವಾಗಿ ನೀರು ಸಾಲದು ಎಂದೇ ಅರ್ಥ.

ಈಗ ರಿಪೋರ್ಟ್ ಹಿಡಿಯಿರಿ. ಟಿಎಸ್‌ಎಚ್ ಪಕ್ಕದಲ್ಲಿ ಆ ಲ್ಯಾಬ್ ಅಚ್ಚು ಹಾಕಿರುವ ಮಿತಿಯನ್ನು ನೋಡಿ. ವಯಸ್ಕರಿಗೆ ಅದು ಹೆಚ್ಚುಕಡಿಮೆ 0.4ರಿಂದ 4ರವರೆಗೆ ಇರುತ್ತದೆ. ಗರ್ಭಿಣಿಯರಿಗೆ ಲೆಕ್ಕವೇ ಬೇರೆ, ಅವರು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬಳಿಕ ಫ್ರೀ ಟಿ4, ಅಂದರೆ ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4 ಸಾಲಿಗೆ ಬನ್ನಿ. ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ ಎಂದಿದ್ದರೆ ಗ್ರಂಥಿ ಸೋತಿದೆ. ಟಿಎಸ್‌ಎಚ್ ತಗ್ಗಿ ಟಿ4 ಏರಿದ್ದರೆ ಗ್ರಂಥಿ ಅತಿಯಾಗಿ ದುಡಿಯುತ್ತಿದೆ, ಇಲ್ಲವೇ ಮಾತ್ರೆಯ ಪ್ರಮಾಣ ಮೀರಿದೆ. ಟಿಎಸ್‌ಎಚ್ ಮಾತ್ರ ತುಸು ಏರಿ ಟಿ4 ಸರಿಯಿದ್ದರೆ ವೈದ್ಯರು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಲು ಹೇಳುವುದುಂಟು. ಎರಡೂ ತಗ್ಗಿದ್ದರೆ ಕೂಗಬೇಕಾದ ಪಿಟ್ಯುಟರಿಯೇ ಬಳಲಿರಬಹುದು. ಇದು ಅಪರೂಪ, ಆದರೆ ಟಿಎಸ್‌ಎಚ್ ಒಂದನ್ನೇ ನೋಡಿದರೆ ಕಣ್ತಪ್ಪಿಹೋಗುತ್ತದೆ.

ಮಾತ್ರೆಯ ಪ್ರಮಾಣ ಬದಲಾದ ದಿನಾಂಕವನ್ನು ರಿಪೋರ್ಟ್ ಮೇಲೆಯೇ ಬರೆದಿಡಿ. ಆರರಿಂದ ಎಂಟು ವಾರ ಕಳೆಯದೆ ಮರುಪರೀಕ್ಷೆ ಮಾಡಿಸಿದರೆ ಅಂಕಿ ನಿಜ ಹೇಳುವುದಿಲ್ಲ. ಏಕೆಂದರೆ ಎಲ್ಲ ಹಾರ್ಮೋನುಗಳ ವೇಗ ಒಂದೇ ಅಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಅಡ್ರಿನಲಿನ್ ಎಂಬ ಹಾರ್ಮೋನ್ ಜೀವಕೋಶದ ಹೊರಪೊರೆಯನ್ನು ತಟ್ಟುತ್ತದೆ, ಕ್ಷಣದಲ್ಲೇ ಎದೆ ಬಡಿದುಕೊಳ್ಳುತ್ತದೆ. ಥೈರಾಯ್ಡ್ ಹಾರ್ಮೋನಿನ ದಾರಿ ದೀರ್ಘ. ಟಿ4 ಜೀವಕೋಶದೊಳಗೆ ಹೋಗಿ ಒಂದು ಅಯೋಡಿನ್ ಕಳಚಿಕೊಂಡು ಟಿ3 ಆಗುತ್ತದೆ. ಅದು ಕೋಶಕೇಂದ್ರದಲ್ಲಿ ತನಗಾಗಿಯೇ ಇರುವ ಗ್ರಾಹಕದ (ರಿಸೆಪ್ಟರ್) ಮೇಲೆ ಕೂತು ಯಾವ ಜೀನ್ ಕೆಲಸ ಮಾಡಬೇಕೆಂದು ನಿರ್ಧರಿಸುತ್ತದೆ, ಹೊಸ ಪ್ರೋಟೀನುಗಳು ತಯಾರಾಗಬೇಕು. ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೀಗಾಗಿ ಒಂದು ದಿನ ಮಾತ್ರೆ ತಪ್ಪಿದರೆ ಗಾಬರಿ ಬೇಡ, ತಿಂಗಳುಗಟ್ಟಲೆ ತಪ್ಪಿಸುವುದೂ ಬೇಡ.

ಅಂಕಿ ಏರಿದ್ದರೆ ಮಾತ್ರೆ ನುಂಗುವ ರೀತಿಯನ್ನೂ ವಿಚಾರಿಸಿಕೊಳ್ಳಿ. ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿದ ಮೂಲ ಇದೇ: ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ನುಂಗುತ್ತಿದ್ದರು. ಕಾಫಿ ಔಷಧವನ್ನು ಕರುಳು ಹೀರದಂತೆ ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ನುಂಗಿ, ಕಾಫಿ ಮತ್ತು ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ರಕ್ತ ಕೊಡುವ ಮೊದಲೇ ಅದನ್ನು ಹೇಳಬೇಕು, ಕೆಲವು ಪರೀಕ್ಷೆಗಳ ಲೆಕ್ಕವನ್ನು ಅದು ತಪ್ಪಿಸುತ್ತದೆ.

ಪ್ರಮಾಣ ಕೂಡಿಸುವುದು, ಕಳೆಯುವುದು ವೈದ್ಯರ ಕೆಲಸ. ಅವರ ಬಳಿ ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.