ಪಿಕಪ್ ಎಳೀತಿಲ್ವಾ? ಗೇರ್ ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

ಸಂಕೇಶ್ವರದ ಕಡೆಯಿಂದ ತರಕಾರಿ ಹೇರಿಕೊಂಡು ಬೆಳಗಾವಿಗೆ ಹೊರಟರೆ ವಂಟಮುರಿ ಘಾಟ್‌ನಲ್ಲೇ ಗಾಡಿಯ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಅಲ್ಲಿವರೆಗೆ ಸುಮ್ನೆ ಓಡುತ್ತಿದ್ದ ಪಿಕಪ್ ಏರು ಬಂದ ಕೂಡಲೇ ಮುಗ್ಗರಿಸುತ್ತದೆ. 'ಗೇರ್ ಬಾಕ್ಸ್ ಹೋಗಿದೆ' ಎಂದು ಯಾರೋ ಅಂದುಬಿಡುತ್ತಾರೆ. ನಾನೂ ಒಮ್ಮೆ ಅದನ್ನು ನಂಬಿ ಗೇರ್ ಬಾಕ್ಸ್ ಇಳಿಸಿದೆ. ಮೂರು ದಿನದ ಬಾಡಿಗೆ ಹೋಯಿತು. ಕೊನೆಗೆ ಸಿಕ್ಕಿದ್ದು ಡೀಸೆಲ್ ಫಿಲ್ಟರ್‌ನಲ್ಲಿ ನಿಂತಿದ್ದ ನೀರು.

ಮೊದಲು ಕಿವಿ ಕೊಡಿ. ಏರಿನಲ್ಲಿ ಎಕ್ಸಲೇಟರ್ ಒತ್ತಿದಾಗ ಇಂಜಿನ್ ಸದ್ದು ಜಾಸ್ತಿಯಾಗಿ, ವೇಗ ಮಾತ್ರ ಹಾಗೇ ಇದ್ದರೆ, ಇಂಜಿನ್ ಬಲವನ್ನು ಗೇರ್ ಬಾಕ್ಸ್‌ಗೆ ದಾಟಿಸುವ ಕ್ಲಚ್ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ಸದ್ದೇ ಏರದೆ ಇಂಜಿನ್ ಉಸಿರು ಕಟ್ಟಿದ ಹಾಗಾದರೆ ಗೇರ್ ಬಾಕ್ಸ್ ಮುಟ್ಟಲೇಬೇಡಿ. ಡೀಸೆಲ್ಲೋ ಗಾಳಿಯೋ ಸಾಲುತ್ತಿಲ್ಲ.

ಆಗ ಡೀಸೆಲ್ ಫಿಲ್ಟರ್‌ನ ಕೆಳಗಿರುವ ಸ್ಕ್ರೂ ಸಡಿಲಿಸಿ ನೀರು ಬಿಡಿ. ಏರ್ ಫಿಲ್ಟರ್ ತೆಗೆದು ನೋಡಿ. ಕಬ್ಬಿನ ಸೀಜನ್‌ನಲ್ಲಿ ಹೊಲದ ದಾರಿ ತಿರುಗಿದ ಗಾಡಿಯ ಫಿಲ್ಟರ್‌ನಲ್ಲಿ ಎಷ್ಟು ಧೂಳು ಕೂತಿರುತ್ತದೆ ಎಂದು ನಂಬೋಕೆ ಆಗಲ್ಲ. ಕಪ್ಪು ಹೊಗೆಯ ಜೊತೆ 'ಉಸ್' ಎಂಬ ಸದ್ದಿದ್ದರೆ ಇಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೊದ ಪೈಪ್ ಸೀಳಿದೆಯಾ, ಕ್ಲಿಪ್ ಸಡಿಲವಾಗಿದೆಯಾ ನೋಡಿ. ಮೀಟರ್‌ನಲ್ಲಿ ಇಂಜಿನ್ ಲೈಟ್ ಉರಿಯುತ್ತಿದ್ದರೆ ಏನನ್ನೂ ಬಿಚ್ಚಬೇಡಿ, ಮೊದಲು ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿಸಿ.

ಕ್ಲಚ್ ಮೇಲೆ ಅನುಮಾನವಿದ್ದರೆ ಗಾಡಿ ಖಾಲಿ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಮುಂದೆ ಯಾರೂ ನಿಲ್ಲಬಾರದು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ಬಂದ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಇನ್ನಷ್ಟು ಸುಡುತ್ತದೆ.

ಗೇರ್ ಬೀಳದಿದ್ದರೆ ಇಂಜಿನ್ ಬಂದ್ ಮಾಡಿ ಹಾಕಿ ನೋಡಿ. ಈಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಇದ್ದಾಗ ಮಾತ್ರ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಆಯಿಲ್ ಕಡಿಮೆಯಾಗಿದೆಯಾ, ಎಲ್ಲಾದರೂ ಸೋರುತ್ತಿದೆಯಾ ನೋಡಿ. ಬಂದ್ ಇದ್ದಾಗಲೂ ಬಿಗಿಯಾಗಿದ್ದರೆ ಗೇರ್ ಲಿವರ್‌ನ ಕೇಬಲ್, ರಾಡ್ ಕಡೆ ಹೋಗಿ.

ಸದ್ದಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಒಂದು ರೂಪಾಯಿ ಖರ್ಚಿಲ್ಲ, ಅಲ್ವಾ? ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿ. ಒತ್ತಿದಾಗ ಸದ್ದು ಬಂದರೆ ಸಾಮಾನ್ಯವಾಗಿ ಕ್ಲಚ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಗೊರಗೊರ ಅಂದರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು. ಹೊರಡುವಾಗ 'ಟಕ್' ಎಂದರೆ ಗೇರ್ ಬಾಕ್ಸ್‌ನಿಂದ ಗಾಲಿಯ ಕಡೆಗೆ ಬಲ ಒಯ್ಯುವ ಉದ್ದ ಶಾಫ್ಟ್‌ನ ಕ್ರಾಸ್, ಅಂದರೆ ಅದರ ಕೀಲು, ಅಲುಗಾಡಿಸಿ ನೋಡಿ.

ಗೇರ್ ಬಾಕ್ಸ್ ಮೇಲೇ ಅನುಮಾನ ಉಳಿದರೆ ಅದರ ಪಕ್ಕದಲ್ಲಿರುವ ಆಯಿಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ. ಬಹಳಷ್ಟು ಗಾಡಿಗಳಲ್ಲಿ ಆಯಿಲ್ ಆ ತೂತಿನ ಕೆಳಗಿನ ಅಂಚಿನ ತನಕ ಇರಬೇಕು. ಬೆರಳಿಗೆ ಲೋಹದ ಚೂರು ಹತ್ತಿದರೆ, ಅಥವಾ ಓಡುವಾಗ ಒಂದೇ ಗೇರ್ ಪದೇ ಪದೇ ಜಾರಿ ನ್ಯೂಟ್ರಲ್‌ಗೆ ಬಂದರೆ, ಆಗ ಇಳಿಸಿ. ಬಿಚ್ಚಿಸುವ ಮುಂಚೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಳೆಯದ ಆ ಏರನ್ನೇ ಒಮ್ಮೆ ಹತ್ತಿಸಿ ತೋರಿಸಿ.