ಬಿಸಿಲೂರಿನಲ್ಲಿ ಹಸಿ ಬಣ್ಣದ ಕಾರ್ಡ್: ನನ್ನ ಅನುಭವ

"ಸ್ಟ್ಯಾಂಪಿಗೆ ನೀರ್ ಹೊಡದ್ರ ಹೂ ಎಲ್ಲಿ ಉಳೀತದ್ರೀ, ಬರೀ ಕಲೆ ಆಗ್ತದ" ಅಂತ ಕಲಬುರಗಿಯ ಲಗ್ನಪತ್ರಿಕೆ ಅಂಗಡಿಯವರೊಬ್ಬರು ನಕ್ಕಿದ್ದರು. ಹೋದ ತಿಂಗಳು ಅವರಿಂದಲೇ ಸೀಮಂತಕ್ಕೆ 80 ಕಾರ್ಡ್‌ಗಳ ಆರ್ಡರ್ ಬಂತು. ಅದಕ್ಕೇ, ಹೂವಿನ ಅಚ್ಚಿಗೆ (ಸ್ಟ್ಯಾಂಪ್) ಇಂಕ್ ಹಚ್ಚಿ, ನೀರು ಸಿಂಪಡಿಸಿ ಕಾರ್ಡಿನ ಮೇಲೆ ಒತ್ತುವ ಈ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಗೆರೆ ಒತ್ತಿ ಒಳಗೆ ಬಣ್ಣ ತುಂಬುವುದು ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ನನಗೆ ಗೆರೆಯೇ ಇಲ್ಲದ, ಒಂದು ಬಣ್ಣ ಇನ್ನೊಂದರಲ್ಲಿ ಕರಗಿದ ಹೂ ಬೇಕಿತ್ತು. ಅಗ್ಗ ಅಂತ ಆಫೀಸಿನ ನೇರಳೆ ಪ್ಯಾಡ್ ಇಂಕಿನಿಂದ ಶುರು ಮಾಡಿದೆ. ಎರಡು ದಿನವಾದರೂ ಒಣಗಲಿಲ್ಲ, ಮನೆಯ ಬಾಗಿಲ ಮೇಲೆಲ್ಲ ನನ್ನ ಬೆರಳಚ್ಚು. ಪಿಗ್ಮೆಂಟ್ ಪ್ಯಾಡ್ (ನೀರಲ್ಲಿ ಕರಗದ ಬಣ್ಣದ ಕಣಗಳ ಇಂಕು) ಮಂದವಾಗಿ ಕೂತುಬಿಟ್ಟಿತು, ಹರಿಯಲೇ ಇಲ್ಲ. ಕೊನೆಗೆ ನೀರಲ್ಲಿ ಕರಗುವ ಡೈ ಇಂಕಿನ ನಾಲ್ಕು ಪ್ಯಾಡ್ ತರಿಸಿದೆ. ಸುಮಾರು 2,000 ರೂಪಾಯಿ ಹೋಯಿತು. ಮಾಮೂಲಿ ಕಾರ್ಡ್ ಶೀಟು ನೀರು ಬಿದ್ದೊಡನೆ ಹಪ್ಪಳದ ಹಾಗೆ ಸೊಟ್ಟಗಾಯಿತು. 300 ಜಿಎಸ್‌ಎಂ ಹಾಟ್ ಪ್ರೆಸ್ ಕಾಗದಕ್ಕೆ, ಅಂದರೆ ದಪ್ಪನೆಯ, ನಯವಾದ ಜಲವರ್ಣ ಕಾಗದಕ್ಕೆ ಬಂದೆ. ಅದರಲ್ಲೂ 50-60 ಶೀಟು ಹಾಳು ಮಾಡಿದ್ದೇನೆ. ಆ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಇಷ್ಟಾದರೂ ಬಣ್ಣ ಹರಿಯಲಿಲ್ಲ. ಈ ಸಲ ತಪ್ಪು ಇಂಕಿನದಲ್ಲ, ನಮ್ಮೂರ ಏಪ್ರಿಲ್‌ನದು. 42 ಡಿಗ್ರಿ, ಮೇಲೆ ಫ್ಯಾನು. ಸಿಂಪಡಿಸಿದ ನೀರು ಕಾಗದ ಮುಟ್ಟುವ ಮೊದಲೇ ಆರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದೆ, ಸ್ವಲ್ಪ ಪರವಾಗಿಲ್ಲ. ನಿಜವಾದ ದಾರಿ ಕೂಲರ್ ತೋರಿಸಿತು. ಅರ್ಧ ಗಂಟೆ ಕೂಲರ್ ಓಡಿಸಿ, ಆಫ್ ಮಾಡಿ, ಬಾಗಿಲು ಮುಚ್ಚಿ ಕೂತರೆ ಆ ಹಸಿ ಗಾಳಿಯಲ್ಲಿ ಬಣ್ಣ ಹರಿಯಲು ಸಮಯ ಸಿಗುತ್ತದೆ.

ಸ್ಟ್ಯಾಂಪಿಗೆ ಮೊದಲು ತಿಳಿ ಬಣ್ಣ, ಅಂಚಿಗೆ ಗಾಢ. ಒಂದು ಮೊಳ ದೂರದಿಂದ ಎರಡೇ ಸಲ ನೀರು. ಮೂರನೆಯದು ಹೊಡೆದಿರೋ, ಅಂಗಡಿಯವರು ಹೇಳಿದ ಕಲೆಯೇ. ಒತ್ತಿ, ಐದು ಎಣಿಸಿ, ನೇರ ಮೇಲಕ್ಕೆ ಎತ್ತಬೇಕು. ಮತ್ತೆ ಇಂಕ್ ಹಚ್ಚದೆ, ಒಂದೇ ಸಲ ನೀರು ಹೊಡೆದು ಇನ್ನೊಂದು ಕಾರ್ಡಿಗೆ ಒತ್ತಿ ನೋಡಿ. ನನ್ನ ಒಳ್ಳೆಯ ಹೂಗಳೆಲ್ಲ ಈ ಎರಡನೇ ಒತ್ತಿನವು. ಸ್ಪ್ರೇ ಬಾಟಲಿಯ ನೀರಿಗೆ ಒಂದು ಸಾಮಾನು ಎರಡು ಹನಿ ಹಾಕುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟು ಸಾಕು ಅಲ್ವಾ? ಬೋರ್‌ವೆಲ್ ನೀರು ಮಾತ್ರ ಬೇಡ, ಬಿಳಿ ಚುಕ್ಕಿ ಉಳಿಯುತ್ತದೆ. ಒಣಗಿದ ಕಾರ್ಡನ್ನು ರಾತ್ರಿಯಿಡೀ ಶಹಾಬಾದ್ ಕಲ್ಲಿನ ಎರಡು ತುಂಡಿನ ನಡುವೆ ಇಡುತ್ತೇನೆ. ಇಷ್ಟು ಅಗ್ಗದ ಪ್ರೆಸ್ ಬೇರೆ ಊರವರಿಗೆ ಎಲ್ಲಿ ಸಿಗಬೇಕು!

ಕಾರ್ಡಿಗೆ ಕವರ್ ಸೇರಿ 30-35 ರೂಪಾಯಿ ಬೀಳುತ್ತದೆ, 90ಕ್ಕೆ ಕೊಡುತ್ತೇನೆ.

ನಡುವೆ ಒಂದು ಹುಚ್ಚಾಟವೂ ಆಯಿತು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಲೆಯ ಹೂಬಳ್ಳಿಯ ಹಾಗೆ ಸ್ಟ್ಯಾಂಪ್ ಕೆತ್ತಿದೆ. ಕಾಯಿಸಿದರೆ ಕರಗಿ ಉಬ್ಬಿ ಕೂರುವ ಬೆಳ್ಳಿ ಬಣ್ಣದ ಎಂಬಾಸಿಂಗ್ ಪುಡಿ ಹಾಕಿ ಕಾಯಿಸಿ, ಮೇಲೆ ಫೌಂಟನ್ ಪೆನ್ನಿನ ಕಪ್ಪು ಇಂಕನ್ನು ನೀರಾಗಿ ಬಳಿದೆ. ಬೆಳ್ಳಿ ಗೆರೆ ಇಂಕನ್ನು ಹತ್ತಿರ ಸೇರಿಸಲಿಲ್ಲ, ಫಳಫಳ ಉಳಿಯಿತು. ಕಪ್ಪು ಮಾತ್ರ ಬೀದರ್ ಕೋಟೆ ಮಣ್ಣಿನಲ್ಲಿ ಬರುವ ಕಪ್ಪಲ್ಲ. ಅಂಚಿನಲ್ಲಿ ಒಡೆದು ನೀಲಿ, ಕೆಂಪು ಆಯಿತು. ನನಗೆ ಅದೇ ಜಾಸ್ತಿ ಇಷ್ಟ. ಅದನ್ನು 150ಕ್ಕಿಂತ ಕಡಿಮೆಗೆ ಕೊಡುವುದಿಲ್ಲ.