ಮನವಿ ಪತ್ರ ಬಿಟ್ಟು ಕಡತ ಹಿಡಿದೆವು: ತಾಲ್ಲೂಕಿನ ರಸ್ತೆ, ಶಾಲೆಗೆ ಹಣ ತಂದ ಅನುಭವ

11 ಕಿ.ಮೀ. ರಸ್ತೆಗೆ ಹೆಚ್ಚುಕಡಿಮೆ 16 ಕೋಟಿ, ಸರ್ಕಾರಿ ಪ್ರೌಢಶಾಲೆಗೆ ಆರು ಕೊಠಡಿ, ಪಿಯು ಕಾಲೇಜಿಗೆ ಒಂದು ವಿಜ್ಞಾನ ಪ್ರಯೋಗಾಲಯ. ಬೇಳೆ ಮಿಲ್ಲಿನವರು, ಅಡತಿ ಅಂಗಡಿಯವರು, ಲಾರಿ ಮಾಲೀಕರು ಸೇರಿದ ಕಲ್ಯಾಣ ಕರ್ನಾಟಕದ ನಮ್ಮ ತಾಲ್ಲೂಕು ಸಂಘ ಮೂರು ವರ್ಷ ಬೆನ್ನುಹತ್ತಿ ತಂದದ್ದು ಇಷ್ಟು. ‘ವ್ಯಾಪಾರಿಗಳ ಮಾತು ಬೆಂಗಳೂರಿನಲ್ಲಿ ಯಾರು ಕೇಳುತ್ತಾರೆ’ ಎಂದವರು ಜಿಲ್ಲೆಯಲ್ಲೇ ಬಹಳ ಮಂದಿ. ಈಗ ಪಕ್ಕದ ಎರಡು ತಾಲ್ಲೂಕಿನವರು ನಮ್ಮ ಕಡತದ ನಕಲು ಕೇಳಿ ಒಯ್ದಿದ್ದಾರೆ. ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದ ನಂಜುಂಡಪ್ಪ ವರದಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ, ಇಲ್ಲಿಗೆ ಹೆಚ್ಚುವರಿ ಹಣ ಹಂಚುವ ಪ್ರದೇಶಾಭಿವೃದ್ಧಿ ಮಂಡಳಿ, ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಆದ್ದರಿಂದ ಎಡವಿದ ಜಾಗಗಳನ್ನೇ ಹೆಚ್ಚು ಬರೆಯುತ್ತೇನೆ.

ಮೊದಲ ವರ್ಷ 40ರಷ್ಟು ಬೇಡಿಕೆಗಳ ಮನವಿ ಕೊಟ್ಟೆವು. 2002ರ ನಂಜುಂಡಪ್ಪ ವರದಿಯ 114 ಹಿಂದುಳಿದ ತಾಲ್ಲೂಕು, ಅದರಲ್ಲಿ ಅತ್ಯಂತ ಹಿಂದುಳಿದ 39, ಎಲ್ಲವನ್ನೂ ಅದರಲ್ಲಿ ತುಂಬಿದ್ದೆವು. ಹೋದಲ್ಲೆಲ್ಲ ಒಂದೇ ಉತ್ತರ: ‘ನಿಮ್ಮ ಭಾಗಕ್ಕೆ ಮಂಡಳಿಯಿಂದಲೇ ಸಾವಿರಾರು ಕೋಟಿ ಕೊಡುತ್ತಿದ್ದೇವಲ್ಲ.’ 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ಘೋಷಿಸಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಲ ಬಂತು. ಇದನ್ನು ಹಿಂದುಳಿದಿರುವಿಕೆಯ ಸೂಚ್ಯಂಕದಿಂದ ಎದುರಿಸಲಾಗದು, ಖರ್ಚಿನ ಲೆಕ್ಕದಿಂದಲೇ ಎದುರಿಸಬೇಕು. ಮಂಡಳಿಯ ಹಣ ಇಲಾಖೆಯ ಮಾಮೂಲಿ ಹಣದ ಮೇಲೆ ಸೇರಬೇಕಾದದ್ದು. ಅದು ಬಂದ ಮೇಲೆ ಇಲಾಖೆ ತನ್ನ ಪಾಲನ್ನು ಕೈಬಿಟ್ಟರೆ ತಾಲ್ಲೂಕಿಗೆ ಹೆಚ್ಚಾಗಿ ಬಂದದ್ದೇನು? ಇದನ್ನು ಒಂದೇ ಹಾಳೆಯಲ್ಲಿ ತೋರಿಸಬೇಕಿತ್ತು.

ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ಒಂದೊಂದು ಬಗೆಯ ಖರ್ಚಿಗೆ ಇರುವ ಸಂಖ್ಯೆ ಹಿಡಿದು ಹೊರಟೆವು. ರಸ್ತೆ ನಿರ್ವಹಣೆಗೆ 3054, ರಸ್ತೆ ಬಂಡವಾಳಕ್ಕೆ 5054, ಶಿಕ್ಷಣಕ್ಕೆ 2202, ಶಾಲಾ ಕಟ್ಟಡಕ್ಕೆ 4202. ಪ್ರತಿಯೊಂದಕ್ಕೂ ಮೂರು ಅಂಕಣ: ಹಂಚಿಕೆ, ಬಿಡುಗಡೆ, ಖರ್ಚು. ಹಂಚಿಕೆ ನೋಡಿ ಖುಷಿಪಟ್ಟವರು ಖರ್ಚಿನ ಅಂಕಣಕ್ಕೆ ಬಂದಾಗ ಸುಮ್ಮನಾಗುತ್ತಾರೆ. ಎಲ್ಲವನ್ನೂ ಒಂದೇ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿದ್ದರಿಂದ ಅದು ವಾಪಸ್ ಬಂತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಏಳು ಅರ್ಜಿಯಾಗಿ ಒಡೆದು, ತಲಾ 10 ರೂಪಾಯಿ ಕಟ್ಟಿ, ಪುಟಕ್ಕೆ 2 ರೂಪಾಯಿ ಕೊಟ್ಟು ತರಿಸಿದೆವು. ಉತ್ತರ ಬಾರದೆ 30 ದಿನ ದಾಟಿದ ಎರಡಕ್ಕೆ ಮೇಲ್ಮನವಿ ಹಾಕಬೇಕಾಯಿತು. ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ. ಹೋಲಿಕೆಗೆ ಇನ್ನೊಂದು ತಾಲ್ಲೂಕು ಬೇಕು. ಅದನ್ನು ಹೇಗೆ ಆರಿಸಿದೆವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ದಕ್ಷಿಣದ ಶ್ರೀಮಂತ ತಾಲ್ಲೂಕನ್ನು ಮಾತ್ರ ಇಟ್ಟುಕೊಳ್ಳಬೇಡಿ, ಮಾತು ಜಗಳಕ್ಕೆ ತಿರುಗುತ್ತದೆ.

ರಸ್ತೆಯ ವಿಷಯದಲ್ಲಿ ದೊಡ್ಡ ಪೆಟ್ಟು ತಿಂದದ್ದು ವಾಹನ ಎಣಿಕೆಯಲ್ಲಿ. ಏಳು ದಿನ, 24 ಗಂಟೆ, ಮೂರು ಪಾಳಿ ಎಂಬ ಪದ್ಧತಿಯಂತೆಯೇ ಮಾಡಿದೆವು, ಆದರೆ ಜುಲೈಯಲ್ಲಿ. ತೊಗರಿ ಇನ್ನೂ ಹೊಲದಲ್ಲಿ, ಮಿಲ್ಲುಗಳು ಅರೆಹೊಟ್ಟೆ. ಬಂದ ಸಂಖ್ಯೆ ನೋಡಿದ ಎಂಜಿನಿಯರು ‘ಈ ದಟ್ಟಣೆಗೆ ಮರುಡಾಂಬರು ಸಾಕು’ ಎಂದು ಬರೆದರು. ಹುಡುಗರ ಕೂಲಿ, ಊಟ ಸೇರಿ 35 ಸಾವಿರ ನೀರುಪಾಲು. ಫೆಬ್ರವರಿಯಲ್ಲಿ ಮತ್ತೆ ಎಣಿಸಿದಾಗ ಭಾರಿ ಲಾರಿಗಳು ಸುಮಾರು ಎರಡೂವರೆ ಪಟ್ಟು. ಈಗ ಎರಡೂ ಋತುವಿನ ಎಣಿಕೆಯನ್ನು ಜೊತೆಗೇ ಇಡುತ್ತೇವೆ, ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ.

ಲಾರಿ ಎಷ್ಟು ಎನ್ನುವುದಕ್ಕಿಂತ ಎಷ್ಟು ತೂಕದ್ದು ಎನ್ನುವುದು ಮುಖ್ಯ. ಇಲ್ಲಿ ವ್ಯಾಪಾರಿಗಳ ಕೈಯಲ್ಲೇ ಚಿನ್ನವಿದೆ: ತೂಕದ ಕಟ್ಟೆಯ ಚೀಟಿಗಳು. ಚೀಟಿ ಒಟ್ಟು ತೂಕ ಹೇಳುತ್ತದೆ, ಆಕ್ಸಲ್ ತೂಕ (ಗಾಲಿಗಳ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ) ಹೇಳುವುದಿಲ್ಲ. ಮುಂದಿನ ಗಾಲಿಗಳನ್ನಷ್ಟೇ ಕಟ್ಟೆಗೆ ಹತ್ತಿಸಿ ಒಮ್ಮೆ ತೂಗಿ, ಆಮೇಲೆ ಪೂರ್ತಿ ತೂಗಿ ಕಳೆಯಿರಿ. ಕಟ್ಟೆಯೂ ಅದರ ಮುಂದಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಮೂರು-ನಾಲ್ಕು ಕ್ವಿಂಟಲ್ ತಪ್ಪುತ್ತದೆ. ನಮ್ಮ ಮೊದಲ 60 ತೂಕಗಳನ್ನು ಹೀಗೇ ಎಸೆಯಬೇಕಾಯಿತು.

2018ರಲ್ಲಿ ಮೂರು ಆಕ್ಸಲ್ ಲಾರಿಯ ಕಾನೂನುಬದ್ಧ ತೂಕ 25 ಟನ್ನಿನಿಂದ 28.5ಕ್ಕೆ ಏರಿತು. ತೂಕ ಏರಿದ್ದು ಶೇ. 14. ರಸ್ತೆಗೆ ಬೀಳುವ ಪೆಟ್ಟು ಆಕ್ಸಲ್ ತೂಕದ ನಾಲ್ಕನೇ ಘಾತದಲ್ಲಿ (ತೂಕ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು) ಏರುವುದರಿಂದ, ತುಂಬಿದ ಒಂದು ಲಾರಿಯ ಹಾನಿ ಸುಮಾರು 3.2 ಪ್ರಮಾಣಿತ ಆಕ್ಸಲ್‌ನಿಂದ (ರಸ್ತೆಯ ಹಾನಿ ಅಳೆಯುವ ಮಾನ) 5.4ಕ್ಕೆ ಹೋಗುತ್ತದೆ, ಅಂದರೆ ಶೇ. 70ರಷ್ಟು ಹೆಚ್ಚು. ನಮ್ಮ ರಸ್ತೆಯ ವಿನ್ಯಾಸ ಅದಕ್ಕಿಂತ ಹಳೆಯದು. ಸಭೆಯಲ್ಲಿ ಅಧಿಕಾರಿಗಳು ಪೆನ್ನು ಕೈಗೆತ್ತಿಕೊಂಡದ್ದು ಈ ಒಂದು ಸಾಲಿಗೆ. ನಮ್ಮವರೇ ಕೆಲವರು ಮಿತಿ ಮೀರಿ ಹೇರುತ್ತಿದ್ದರು. ಅಂಥ ಚೀಟಿಗಳನ್ನು ಬೇರೆ ತೆಗೆದು, ಮಿತಿಯೊಳಗಿನ ಲಾರಿಗಳಿಂದಲೇ ವಾದ ಕಟ್ಟಿದೆವು. ಹೇರಿಕೆ ನಿಲ್ಲಿಸದ ಇಬ್ಬರ ಸದಸ್ಯತ್ವವನ್ನೂ ತಡೆದೆವು.

ಮಣ್ಣಿನ ಪರೀಕ್ಷೆಯಲ್ಲೂ ಒಂದು ತಪ್ಪು. ಎರೆಭೂಮಿಯ ಮಾದರಿಯನ್ನು ಬೇಸಿಗೆಯಲ್ಲಿ ತೆಗೆದು ನೆನೆಸದೆ ಪರೀಕ್ಷಿಸಿದರೆ ಸಿಬಿಆರ್ (ಮಣ್ಣು ಭಾರ ಹೊರುವ ಬಲದ ಅಳತೆ) 8 ಬರುತ್ತದೆ. ಅದೇ ಮಣ್ಣು ನಾಲ್ಕು ದಿನ ನೀರಿನಲ್ಲಿ ನೆಂದರೆ 2. ಎಂಟನ್ನು ನಂಬಿ ಕಟ್ಟಿದ ರಸ್ತೆ ಎರಡನೇ ಮಳೆಗಾಲಕ್ಕೆ ಅಂಚು ಬಿರಿಯುತ್ತದೆ. ಉಬ್ಬದ ಮಣ್ಣಿನ ಪದರ ಕನಿಷ್ಠ 60 ಸೆಂ.ಮೀ. ಬೇಕು ಎಂದು ಅಂದಾಜಿನಲ್ಲಿ ಬರೆಸಿದೆವು. ಕಿ.ಮೀ.ಗೆ ಒಂದೂವರೆ ಕೋಟಿಯಾದದ್ದು ಇದರಿಂದಲೇ. ಕಡಿಮೆ ತೋರಿಸಿ ಎಂಬ ಸಲಹೆಗೆ ಒಪ್ಪಲಿಲ್ಲ.

ಇದರ ನಡುವೆ 12 ಲಾರಿಗಳ ಡೀಸೆಲ್ ಪುಸ್ತಕ ಹಿಡಿದು, ಹದಗೆಟ್ಟ ರಸ್ತೆಯಿಂದ ಕ್ವಿಂಟಲ್ ಬೇಳೆಗೆ ಎಷ್ಟು ಹೊರೆ ಎಂದು ಲೆಕ್ಕ ಹಾಕಲು ಹೋದೆವು. ನಾಲ್ಕು ರೂಪಾಯಿಯೂ ಬಂತು, ಹನ್ನೊಂದೂ ಬಂತು. ಚಾಲಕ, ಟೈರು, ವಾಪಸ್ ಲೋಡು ಎಲ್ಲ ಬೇರೆ ಬೇರೆ. ಕಡತದಲ್ಲಿ ಸೇರಿಸಲಿಲ್ಲ, ಆದರೂ ಒಂದೇ ಲಾರಿಯನ್ನು ಎರಡು ದಾರಿಯಲ್ಲಿ ಓಡಿಸಿ ಮತ್ತೆ ನೋಡುವ ಆಸೆಯಿದೆ.

ಶಾಲೆಯ ಕೆಲಸ ಹಣಕ್ಕಿಂತ ಪಹಣಿಯಲ್ಲಿ ಸಿಕ್ಕಿಬೀಳುತ್ತದೆ. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಜಾಗ ಶಾಲೆಯ ಹೆಸರಿಗೆ ಬಾರದೆ ಕೊಠಡಿಯ ಅಂದಾಜು ಮುಂದೆ ಹೋಗುವುದಿಲ್ಲ. 11-ಇ ನಕ್ಷೆ (ಜಮೀನಿನ ಒಂದು ಭಾಗ ಬೇರೆಯವರ ಹೆಸರಿಗೆ ಮಾಡಲು ಬೇಕಾದ ಸರ್ವೆ ನಕ್ಷೆ), ದಾನಪತ್ರ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ), ಈ ಮೂರಕ್ಕೇ ಎಂಟು ತಿಂಗಳು. ವಾರಸುದಾರರಲ್ಲಿ ಒಬ್ಬರು ಪುಣೆಯಲ್ಲಿದ್ದರು, ಸಹಿಗೆ ಅಲ್ಲಿಗೇ ಹೋಗಬೇಕಾಯಿತು. ಕೊಠಡಿ ಕೊರತೆಗೆ ಶಾಲೆಯ ಗುರುತಿನ ಸಂಖ್ಯೆಯಾದ 11 ಅಂಕಿಯ ಡೈಸ್ ಕೋಡ್ ಹಾಕಿ, ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ದಾಖಲೆಯನ್ನೇ ಲಗತ್ತಿಸಿ. ಮೊದಲು ಮುಖ್ಯ ಶಿಕ್ಷಕರ ಜೊತೆ ಕೂತು ಅದನ್ನು ಸರಿಪಡಿಸಿಕೊಳ್ಳಿ. ನಮ್ಮಲ್ಲಿ ಬಿದ್ದುಹೋದ ಎರಡು ಕೊಠಡಿ ‘ಸುಸ್ಥಿತಿ’ ಎಂದೇ ನಮೂದಾಗಿದ್ದವು.

ಇನ್ನು ಸಮಯ. ಫೆಬ್ರವರಿಯ ಬಜೆಟ್‌ಪೂರ್ವ ಸಭೆಗೆ ಹೋಗುವುದು ಗೌರವಕ್ಕೆ ಸರಿ, ಕೆಲಸಕ್ಕೆ ತಡ. ಇಲಾಖೆ ತನ್ನ ಅಂದಾಜನ್ನು ಕಳಿಸುವ ಮುಂಚೆ, ದೀಪಾವಳಿಯ ಹೊತ್ತಿಗೆ ಕಡತ ಕಾರ್ಯಪಾಲಕ ಎಂಜಿನಿಯರರ ಮೇಜಿನ ಮೇಲಿರಬೇಕು. ಅಲ್ಲಿ ತಪ್ಪಿದರೂ ಜನವರಿ ಕೊನೆಯಲ್ಲಿ ಇನ್ನೊಂದು ಬಾಗಿಲಿದೆ. ಭೂಮಿ ಸಿಗದೆ ನಿಂತ ಕಾಮಗಾರಿಗಳ ಹಣ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗುವ ಭಯದಲ್ಲಿ ಮರುಹೊಂದಾಣಿಕೆ ನಡೆಯುತ್ತದೆ. ಆಗ ಅಂದಾಜು, ಜಾಗ, ಮಣ್ಣಿನ ವರದಿ ಎಲ್ಲ ಸಿದ್ಧವಿರುವ ಕೆಲಸವೇ ಬೇಕು. ನಮ್ಮ ರಸ್ತೆಯ ಮೊದಲ 5 ಕಿ.ಮೀ. ಬಂದದ್ದು ಹೀಗೆ, ಉಳಿದದ್ದು ಮರುವರ್ಷ. ಯಾವ ಕಾಮಗಾರಿಯ ಹಣ ಉಳಿಯುತ್ತದೆಂದು ಮೊದಲೇ ತಿಳಿಯುವ ದಾರಿ ನಮಗೆ ಸಿಕ್ಕಿದೆ, ಅದು ಸಂಘದೊಳಗೇ ಇರಲಿ.

ಒಟ್ಟು ಸಂಘಕ್ಕೆ ತಗುಲಿದ್ದು 2 ಲಕ್ಷ 80 ಸಾವಿರದಷ್ಟು: ಮಣ್ಣಿನ ಪರೀಕ್ಷೆಗೆ 60 ಸಾವಿರ, ಎರಡು ಎಣಿಕೆಗೆ 75 ಸಾವಿರ, ನಿವೃತ್ತ ಎಂಜಿನಿಯರರ ಶುಲ್ಕ 90 ಸಾವಿರ, ಉಳಿದದ್ದು ಓಡಾಟ ಮತ್ತು ಜೆರಾಕ್ಸ್. ಮಿಲ್ಲಿಗೆ ಐದು ಸಾವಿರದಂತೆ ಎತ್ತಿದೆವು, ಸಾಲದ್ದಕ್ಕೆ ಅಡತಿಯವರು ಕೈಜೋಡಿಸಿದರು. ಈಗ ಪ್ರಯೋಗಾಲಯ ಸಿದ್ಧವಿದೆ, ಭೌತಶಾಸ್ತ್ರ ಉಪನ್ಯಾಸಕರ ಹುದ್ದೆ ಖಾಲಿ. ಅದಕ್ಕೆ ಸ್ಥಳೀಯ ವೃಂದದ (371ಜೆಯಡಿ ಈ ಭಾಗದವರಿಗೆ ಮೀಸಲು ಇರುವ ಹುದ್ದೆಗಳ) ಹುದ್ದೆಪಟ್ಟಿ ಕೇಳಿ, 150 ಪದದ ಎಂಟನೇ ಅರ್ಜಿ ಹೋದ ವಾರ ಹಾಕಿದ್ದೇವೆ.